ನೇರಳೆ-ಬೂದು ಗೋಡೆ: ನಮ್ಮ ಕಡೆಯ ಮನೆಗೆ ಹೊಂದಿಸೋದು ಹೇಗೆ?

ನೇರಳೆ ಹಣ್ಣಿನ ರಸಕ್ಕೆ ಒಲೆಯ ಬೂದಿ ಕಲಸಿದ ಹಾಗಿರುವ ಮಂಕು ಬಣ್ಣ ಅದು. ಚೆಂದ ಇದೆ, ಆದರೆ ಅಂಗಡಿಯ ಶೇಡ್ ಕಾರ್ಡ್ ನೋಡಿಯೇ ಆರ್ಡರ್ ಕೊಡಬೇಡಿ. ಬೆಳಕು ಬದಲಾದ ಹಾಗೆ ಇದೂ ಬದಲಾಗುತ್ತದೆ, ಮತ್ತು ನಮ್ಮ ಉತ್ತರ ಕನ್ನಡ ಜಿಲ್ಲೆಯ ಬೆಳಕು ಒಂದೇ ಥರ ಇರೋದಿಲ್ಲ.

ಶಿರಸಿ ಕಡೆ ಕಿಟಕಿಯ ಹೊರಗೇ ಅಡಿಕೆ ತೋಟ ಇದ್ದರೆ ಒಳಗೆ ಬರುವ ಬೆಳಕಿಗೇ ಹಸಿರು ಛಾಯೆ ಇರುತ್ತದೆ, ಅದು ನೇರಳೆಯನ್ನು ನುಂಗಿ ಬರೀ ಬೂದು ಉಳಿಸಿಬಿಡುತ್ತದೆ. ಕಾರವಾರದಲ್ಲಿ ಪಶ್ಚಿಮಕ್ಕೆ ಕಿಟಕಿ ಇರುವ ಕೋಣೆಯಲ್ಲಿ ಸಂಜೆ ಬಿಸಿಲಿಗೆ ಅದೇ ಗೋಡೆ ಗುಲಾಬಿ ಕಡೆ ವಾಲುತ್ತದೆ. ಉತ್ತರದ ಕೋಣೆಯಲ್ಲಿ, ಮಳೆಗಾಲದ ಮೋಡದಲ್ಲಿ ನೀಲಿ ಕಾಣುತ್ತದೆ. ಹಾಗಾಗಿ ಸ್ವಲ್ಪ ಕೆಂಪು ಅಥವಾ ಕಂದು ಬೆರೆತ ಶೇಡನ್ನೇ ಆರಿಸಿ. ನೀಲಿ ಜಾಸ್ತಿ ಇರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯನ್ನು ಇನ್ನಷ್ಟು ಮಂಕು ಮಾಡುತ್ತದೆ. ಹೆಂಚಿನ ಮನೆಯ ನಡುಮನೆಯಲ್ಲಿ ಮೊದಲೇ ಕತ್ತಲೆ, ಅಲ್ವಾ? ಅಲ್ಲಿಗೆ ಕಾರ್ಡಿನ ಅತಿ ತಿಳಿ ಶೇಡ್ ಸಾಕು.

ಮೊದಲು ಪರೀಕ್ಷೆಗೆ ಬಣ್ಣದ ಒಂದು ಸಣ್ಣ ಡಬ್ಬಿ ತನ್ನಿ. 2 ಅಡಿ ಚೌಕದ ದಪ್ಪ ರಟ್ಟಿಗೆ ಬಿಳಿ ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ತಳಪದರ) ಹೊಡೆದು, ಮೇಲೆ ಎರಡು ಕೋಟ್ ಬಣ್ಣ ಕೊಟ್ಟು ಒಣಗಿಸಿ. ಅದನ್ನು ಕಿಟಕಿ ಪಕ್ಕ, ಮೂಲೆಯಲ್ಲಿ, ಕಪಾಟಿನ ಹತ್ತಿರ ಇಟ್ಟು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ರಾತ್ರಿಯ ನೋಟಕ್ಕೆ ಬಲ್ಬ್ ಮುಖ್ಯ. ಬೆಳಕು ಬಿಳಿಯೋ ಹಳದಿಯೋ ಅನ್ನೋದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನಲ್ಲಿ ಈ ಬಣ್ಣ ಜೀವ ಇಲ್ಲದಂತೆ ಕಾಣುತ್ತದೆ, 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕಿನಲ್ಲಿ ಮೃದುವಾಗುತ್ತದೆ. ಬಲ್ಬಿನ ಡಬ್ಬಿ ಮೇಲೇ ಬರೆದಿರುತ್ತದೆ, ನೋಡಿ ತಗೊಳ್ಳಿ.

ಮಳೆಗಾಲದಲ್ಲಿ ಪೇಂಟ್ ಕೆಲಸ ಬೇಡವೇ ಬೇಡ. ದೀಪಾವಳಿ ಕಳೆದ ಮೇಲೆ ಗೋಡೆ ಪೂರ್ತಿ ಒಣಗಿದೆಯಾ ನೋಡಿ ಶುರು ಮಾಡಿ. ನೀರು ಜಿನುಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಇಲ್ಲದಿದ್ದರೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಗುಳ್ಳೆ ಏಳುತ್ತದೆ. ಹಳೆ ಸುಣ್ಣದ ಗೋಡೆಗೆ ನೇರವಾಗಿ ಎಮಲ್ಶನ್ (ನೀರು ಬೆರೆಸಿ ಹಚ್ಚುವ ಗೋಡೆ ಪೇಂಟ್) ಹಚ್ಚಿದರೆ ಪದರ ಪದರವಾಗಿ ಕಿತ್ತು ಬರುತ್ತದೆ. ಪುಡಿ ಉದುರುವಷ್ಟನ್ನೂ ಕೆರೆದು, ಪ್ರೈಮರ್ ಹಚ್ಚಿ, ಆಮೇಲೆ ಬಣ್ಣ. ಗೋಡೆ ಉಬ್ಬುತಗ್ಗಾಗಿದ್ದರೆ ಹೊಳಪಿಲ್ಲದ ಮ್ಯಾಟ್ ತಗೊಳ್ಳಿ, ಹೊಳಪಿನದ್ದು ಒಂದೊಂದು ಉಬ್ಬನ್ನೂ ತೋರಿಸುತ್ತದೆ.

ಇನ್ನು ಅಲಂಕಾರ. ನೇರಳೆಗೆ ಎದುರಿನ ಬಣ್ಣ ಹಳದಿ. ಅದಕ್ಕೇ ಹಲಸಿನ ಮರದ ಬಾಗಿಲು, ಬೆತ್ತದ ಕುರ್ಚಿ, ಹಿತ್ತಾಳೆ ದೀಪ ಇದರ ಮುಂದೆ ಎದ್ದು ಕಾಣುತ್ತವೆ. ಸುಮ್ನೆ ಪಾಲಿಶ್ ಮಾಡಿಸಿ, ಮರಕ್ಕೆ ಬಿಳಿ ಪೇಂಟ್ ಹೊಡೆಯಬೇಡಿ. ರೆಡ್ ಆಕ್ಸೈಡ್ ನೆಲ ಇದ್ದರಂತೂ ಅದೃಷ್ಟ, ಅದರ ಕೆಂಪು ಗೋಡೆಯ ಕೆಳಭಾಗಕ್ಕೆ ಪ್ರತಿಫಲಿಸಿ ಬಣ್ಣ ಬೆಚ್ಚಗಾಗುತ್ತದೆ. ಕೆಮ್ಮಣ್ಣಿನ ಹಿನ್ನೆಲೆಯ ಹಸೆ ಚಿತ್ತಾರದ (ಮಲೆನಾಡಿನ ಜನಪದ ಗೋಡೆಚಿತ್ರ) ಒಂದು ಫ್ರೇಮ್ ಸಾಕು, ಗೋಡೆ ತುಂಬಾ ಬೇಡ. ಪರದೆ ತಿಳಿ ಕೆನೆ ಬಣ್ಣದ್ದು ಇರಲಿ. ಮ್ಯಾಚಿಂಗ್ ಅಂತ ಪರದೆ, ಹಾಸಿಗೆ, ದಿಂಬು ಎಲ್ಲಾ ನೇರಳೆ ಮಾಡಿದರೆ ನನಗಂತೂ ಕಲ್ಯಾಣ ಮಂಟಪ ನೆನಪಾಗುತ್ತದೆ. ಚಾವಣಿಗೂ ಕೆನೆ ಬಿಳಿಯೇ ಒಳ್ಳೆಯದು.

ಮೆಷಿನ್‌ನಲ್ಲಿ ಕಲಸಿಕೊಡುವ ಬಣ್ಣ ಸಲದಿಂದ ಸಲಕ್ಕೆ ತುಸು ಬೇರೆಯಾಗಬಹುದು, ಹಾಗಾಗಿ ಬೇಕಾದಷ್ಟನ್ನು ಒಂದೇ ಸಲ ತನ್ನಿ, ಎರಡು ಡಬ್ಬಿ ಇದ್ದರೆ ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಿ. ಮುಚ್ಚಳದ ಮೇಲಿನ ಶೇಡ್ ನಂಬರಿನ ಫೋಟೊ ತೆಗೆದಿಡಿ, ಮುಂದಿನ ವರ್ಷ ಒಂದು ಮೂಲೆಗೆ ಟಚಪ್ ಬೇಕಾದಾಗ ಅದೇ ಆಧಾರ.