ಚೆಂಡು ಹೂವಿನ ಸಸಿಯೋ, ಕಾಂಗ್ರೆಸ್ ಕಸವೋ?

ಮಿರಗದ ಮಳೆ ಬಿದ್ದ ಮೇಲೆ ನಮ್ಮ ಕಲಬುರಗಿಯ ಕರಿ ಮಣ್ಣಿನಲ್ಲಿ ಹಾಕಿದ್ದೂ ಹುಟ್ಟುತ್ತದೆ, ಹಾಕದ್ದೂ ಹುಟ್ಟುತ್ತದೆ. ಹೋದ ವರ್ಷ ನಾನು ಕಸ ಅಂತ ಕಿತ್ತಿದ್ದು ಚೆಂಡು ಹೂವಿನ ಸಸಿ, ಉಳಿಸಿದ್ದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ! ಎರಡರ ಎಲೆಯೂ ಸೀಳು ಸೀಳಾಗಿರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ.

ಮೊದಲು ಬರುವ ಜೋಡಿ ಎಲೆ ನೋಡಿ ಏನೂ ತೀರ್ಮಾನ ಮಾಡಬೇಡಿ. ಆಮೇಲೆ ಬರುವ ನಾಲ್ಕಾರು ಎಲೆಗಳವರೆಗೆ ಕಾಯಿರಿ. ಚೆಂಡು ಹೂವಿನ ಸಸಿ ನೆಟ್ಟಗೆ ಮೇಲೇಳುತ್ತದೆ, ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಒಂದು ಎಲೆ ಹಿಸುಕಿದರೆ ಆ ಘಾಟು ವಾಸನೆ ತಕ್ಷಣ ಗೊತ್ತಾಗುತ್ತದೆ. ಪಾರ್ಥೇನಿಯಂ ಮಾತ್ರ ಎಳೆಯ ಗಿಡವಾಗಿದ್ದಾಗ ಚಕ್ರದ ಹಾಗೆ ನೆಲಕ್ಕೆ ಅಂಟಿಕೊಂಡು ಹರಡುತ್ತದೆ. ಅದನ್ನು ಹಿಸುಕಿ ನೋಡಲು ಹೋಗಬೇಡಿ, ಕೆಲವರಿಗೆ ಮೈ ತುರಿಕೆ ಜಾಸ್ತಿ ಆಗುತ್ತದೆ. ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲೇ ಬೇರು ಸಮೇತ ತೆಗೆಯಿರಿ.

ಹುಲ್ಲಿನಂತಿರುವ ಗಿಡದ ದಂಟನ್ನು ಬೆರಳಲ್ಲಿ ಹೊರಳಿಸಿ. ಮೂರು ಮೂಲೆ ಸಿಕ್ಕರೆ ಅದು ಜೇಕು ಅನ್ನೋ ಕಸ. ಸುಮ್ನೆ ಎಳೆದರೆ ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ, ಖುರ್ಪಿಯಿಂದ ಆಳಕ್ಕೆ ಅಗೆಯಲೇಬೇಕು.

ಈ ಸಲ ನಾನು ಬೀಜಗಳನ್ನು ಸಾಲಾಗಿ ಹಾಕಿದೆ. ಅದೇ ಬೀಜ ನಾಲ್ಕನ್ನು ಒಂದು ಕುಂಡದಲ್ಲೂ ಹಾಕಿ, ಬೇರೆ ಏನೂ ಬೆಳೆಯದಂತೆ ನೋಡಿಕೊಂಡೆ. ಅನುಮಾನ ಬಂದಾಗ ಕುಂಡದ ಸಸಿ ಪಕ್ಕ ಇಟ್ಟು ಹೋಲಿಸಿದರೆ ಸಾಕು, ಅಲ್ವಾ?