ಸೆಲ್ಮಾದ ಹಿರಿಯರ ನೆನಪುಗಳನ್ನು ದಾಖಲಿಸುವುದು ಹೇಗೆ?

ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾ ಪಟ್ಟಣದ ಹಿರಿಯ ಕಪ್ಪುಜನರನ್ನು ಬಂದವರೆಲ್ಲ ಕೇಳುವುದು ಒಂದೇ: 'ಆ ದಿನ ಸೇತುವೆ ಮೇಲೆ ನೀವಿದ್ದಿರಾ?' 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ಹೊರಟ ಕಪ್ಪುಜನರನ್ನು ಪೊಲೀಸರು ಇಲ್ಲಿನ ಸೇತುವೆಯ ಬಳಿ ಹೊಡೆದು ಓಡಿಸಿದ್ದರು. ಹೇಳಿ ಹೇಳಿ ಆ ಉತ್ತರ ಬಾಯಿಪಾಠವಾಗಿರುತ್ತದೆ. ಅದನ್ನು ಎರಡನೇ ಭೇಟಿಗೆ ಇಟ್ಟುಕೊಳ್ಳಿ. ಮೊದಲ ಭೇಟಿ ಅವರ ಬೀದಿಗೆ ಮೀಸಲಿರಲಿ.

ಒಂದು ದೊಡ್ಡ ಬಿಳಿ ಹಾಳೆ, ದಪ್ಪ ಪೆನ್ನು ಕೊಟ್ಟು, ಹತ್ತು ವರ್ಷದವರಿದ್ದಾಗ ಓಡಾಡಿದ ಬೀದಿಯನ್ನು ಬಿಡಿಸಲು ಹೇಳಿ. ಡಾಂಬರು ಎಲ್ಲಿಗೆ ಮುಗಿಯುತ್ತಿತ್ತು? ಸೂಲಗಿತ್ತಿಯ ಮನೆ ಯಾವುದು? ಸಾಲ ಕೊಡುತ್ತಿದ್ದ ಅಂಗಡಿ ಯಾವುದು? ಪೇಟೆಯ ಬಿಳಿಯರ ಅಂಗಡಿಯಲ್ಲಿ ಟೋಪಿ ಕೊಳ್ಳುವ ಮೊದಲು ತಲೆಗಿಟ್ಟು ನೋಡಲು ಬಿಡುತ್ತಿದ್ದರೇ? ಅವರು ಬೆರಳಿಟ್ಟು 'ಇಲ್ಲಿ' ಎಂದಾಗ 'ಚರ್ಚಿನ ಎಡಗಡೆ ತಾನೇ?' ಎಂದು ನೀವು ಬಾಯಿಬಿಟ್ಟು ಕೇಳಬೇಕು. ಬೆರಳು ಧ್ವನಿಮುದ್ರಣದಲ್ಲಿ ಸಿಗುವುದಿಲ್ಲ.

ಕರೆಯುವಾಗ ಮಿಸ್ಟರ್, ಮಿಸೆಸ್, ಮಿಸ್ ಸೇರಿಸಿಯೇ ಕರೆಯಿರಿ. ಬಿಳಿಯರು ಕಪ್ಪು ಹಿರಿಯರನ್ನೂ ಬರೀ ಹೆಸರು ಹಿಡಿದು ಕೂಗುತ್ತಿದ್ದ ಕಾಲ ಅವರು ಕಂಡದ್ದು. 1963ರಲ್ಲಿ ಇದೇ ರಾಜ್ಯದ ಗ್ಯಾಡ್ಸ್‌ಡನ್‌ನಲ್ಲಿ ಸರ್ಕಾರಿ ವಕೀಲ ಬರೀ 'ಮೇರಿ' ಎಂದದ್ದಕ್ಕೆ ಕಪ್ಪು ಹೋರಾಟಗಾರ್ತಿ ಮೇರಿ ಹ್ಯಾಮಿಲ್ಟನ್ ಉತ್ತರಿಸಲು ಒಪ್ಪಲಿಲ್ಲ. ನ್ಯಾಯಾಲಯ ಆಕೆಗೆ ಐದು ದಿನ ಜೈಲು, 50 ಡಾಲರ್ ದಂಡ ಹಾಕಿತು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ನಿಮ್ಮ ಮೊದಲ ಮಾತಿನಲ್ಲೇ ಈ ಮರ್ಯಾದೆ ಕೇಳಿಸಬೇಕು.

ತಾರೀಕು ಕೇಳಿ ಪೀಡಿಸಬೇಡಿ, ಗುರುತು ಕೇಳಿ. ಮತದಾರರ ನೋಂದಣಿ ಕಚೇರಿ ತೆರೆಯುತ್ತಿದ್ದದ್ದು ತಿಂಗಳಿಗೆ ಎರಡೇ ಸೋಮವಾರ. 1965ರ ಆರಂಭದಲ್ಲಿ ಸೆಲ್ಮಾ ಸೇರಿರುವ ಡಲ್ಲಾಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ಜಿಲ್ಲೆಯಂಥದ್ದು) ಮತದ ವಯಸ್ಸಿನ ಸುಮಾರು 15,000 ಕಪ್ಪುಜನರಿದ್ದರೂ ಪಟ್ಟಿಯಲ್ಲಿದ್ದವರು ಕೆಲವೇ ನೂರು ಮಂದಿ. ಆದ್ದರಿಂದ 'ಸಾಲಿನಲ್ಲಿ ನಿಮ್ಮ ಹಿಂದೆ ಯಾರಿದ್ದರು? ಕೆಲಸಕ್ಕೆ ಏನು ಹೇಳಿ ರಜೆ ಹಾಕಿದಿರಿ?' ಎಂದು ಕೇಳಿ. ಹೋರಾಟ ಏನೆಂಬುದು ಅಲ್ಲೇ ಬಿಚ್ಚಿಕೊಳ್ಳುತ್ತದೆ. ಶಿಕ್ಷಕರಾಗಿದ್ದವರನ್ನು ಆ ವರ್ಷದ ಜನವರಿ 22ರಂದು ನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕರು ನೋಂದಣಿ ಕಚೇರಿಯಿದ್ದ ಕೋರ್ಟಿನತ್ತ ನಡೆದದ್ದರ ಬಗ್ಗೆ ಕೇಳಿ. ಕೆಲಸ ಹೋಗುವ ಭಯ ಎಷ್ಟಿತ್ತೆಂದು ಅವರೇ ಹೇಳಬಲ್ಲರು.

ಸೇತುವೆಯ ವಿಷಯದಲ್ಲಿ ಹೆಚ್ಚು ಎಡವಟ್ಟಾಗುವುದು ದಿನಗಳು ಬೆರೆತು. ಎಡ್ಮಂಡ್ ಪೆಟ್ಟಸ್ ಸೇತುವೆಯತ್ತ ಜನ ಹೊರಟದ್ದು ಮೂರು ಸಲ. ಮಾರ್ಚ್ 7ರಂದು ಲಾಠಿ, ಅಶ್ರುವಾಯು. 9ರಂದು ಮಂಡಿಯೂರಿ ಪ್ರಾರ್ಥಿಸಿ ಹಿಂದಿರುಗಿದರು. 21ರಂದು ಸೈನಿಕರ ಕಾವಲಿನಲ್ಲಿ ರಾಜ್ಯದ ರಾಜಧಾನಿ ಮಾಂಟ್‌ಗೊಮರಿಗೆ ಹೊರಟರು. ಟಿವಿಯಲ್ಲಿ ಕಂಡ ದೃಶ್ಯ ಸ್ವಂತ ನೆನಪಿನೊಳಗೆ ಸೇರಿಕೊಳ್ಳುವುದು ಸಹಜ. 'ನೀವು ತಪ್ಪು ಹೇಳುತ್ತಿದ್ದೀರಿ' ಎನ್ನಬೇಡಿ, ಅವರು ಬಾಯಿ ಮುಚ್ಚಿಬಿಡುತ್ತಾರೆ. 'ಅವತ್ತು ವಾಪಸ್ ಬಂದದ್ದು ಹೇಗೆ?' ಎಂದು ಕೇಳಿ. ಓಡಿ ಬಂದರೋ, ನಡೆದು ಬಂದರೋ ಎಂಬುದರಲ್ಲೇ ದಿನ ಗೊತ್ತಾಗುತ್ತದೆ.

ರೆಕಾರ್ಡರ್ ಅನ್ನು ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ. ಇಬ್ಬರಿಗೂ ಒಂದೊಂದು ಕಾಲರ್ ಮೈಕ್. ಎರಡು ಚಾನೆಲ್‌ನಲ್ಲಿ ಗಂಟೆಗೆ ಸುಮಾರು 1 ಜಿಬಿ ಬೇಕು. ಫ್ರಿಜ್ಜಿನ ಗುಂಯ್‌ಗುಡುವಿಕೆ ಎಷ್ಟೋ ಒಳ್ಳೆಯ ಸಂದರ್ಶನಗಳನ್ನು ಕೆಡಿಸಿದೆ. ಮನೆಯವರನ್ನು ಕೇಳಿ ಆರಿಸಿ, ನಿಮ್ಮ ಕಾರಿನ ಕೀಲಿಯನ್ನು ಅದರೊಳಗಿಡಿ. ಮತ್ತೆ ಹಾಕುವುದನ್ನು ಮರೆತು ಹೊರಡಲಾಗದು. ಒಂದೂವರೆ ಗಂಟೆ ದಾಟಬೇಡಿ. ಅವರು ಸುಮ್ಮನಾದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಮುಂದಿನ ಪ್ರಶ್ನೆಗೆ ಹಾರಬೇಡಿ.

ಒಪ್ಪಿಗೆ ಪತ್ರವನ್ನು ಮೊದಲೇ ಓದಿ ವಿವರಿಸಿ, ರೆಕಾರ್ಡಿಂಗ್ ಮುಗಿದ ಮೇಲೆ ಸಹಿ ಪಡೆಯಿರಿ. ಏನು ಹೇಳಿದೆವೆಂದು ಅಷ್ಟರಲ್ಲಿ ಅವರಿಗೆ ಗೊತ್ತಿರುತ್ತದೆ. ಕೆಲವು ಭಾಗಗಳನ್ನು ಇಂತಿಷ್ಟು ವರ್ಷ ತೆರೆಯಬಾರದು ಎನ್ನುವ ಆಯ್ಕೆ ಪತ್ರದಲ್ಲಿರಲೇಬೇಕು. ಹಲ್ಲೆ ಮಾಡಿದವರ ಮಕ್ಕಳು ಅದೇ ಊರಿನಲ್ಲಿ ಇರಬಹುದು.

ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಆರೆಂಟು ಗಂಟೆ ಹಿಡಿಯುತ್ತದೆ. ಅವರ ವಾಕ್ಯಗಳನ್ನು ತಿದ್ದಬೇಡಿ. ಹಾಗೆಂದು ಉಚ್ಚಾರಣೆ ತೋರಿಸಲು ಕಾಗುಣಿತವನ್ನೂ ಕೆಡಿಸಬೇಡಿ. 1936–38ರಲ್ಲಿ ಗುಲಾಮರಾಗಿದ್ದವರ ಮಾತು ದಾಖಲಿಸಿದ ಸರ್ಕಾರಿ ಯೋಜನೆಯಲ್ಲಿ ಬಹುಪಾಲು ಬಿಳಿಯರೇ ಸಂದರ್ಶಕರಾಗಿದ್ದರು. ಎಷ್ಟೋ ಕಡೆ ಮಾತನ್ನು ಸೊಟ್ಟ ಕಾಗುಣಿತದಲ್ಲಿ ಬರೆದು ಮಾತಾಡಿದವರನ್ನೇ ಪೆದ್ದರಂತೆ ಕಾಣಿಸಿದರು. ಬರಹವನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅವರಿಗೇ ಮೊದಲು ತೋರಿಸಿ, ಹೆಸರುಗಳನ್ನು ಅವರೇ ತಿದ್ದಲಿ. ಮೂಲ ಫೈಲಿನ ಮೂರು ಪ್ರತಿ ಮಾಡಿ. ಒಂದು ಬೇರೆ ಊರಿನಲ್ಲಿರಲಿ. ಬೀದಿಯ ನಕ್ಷೆಯನ್ನೂ ಸ್ಕ್ಯಾನ್ ಮಾಡಿ ಜೊತೆಗಿಡಿ, ಮೂಲ ಹಾಳೆಯನ್ನು ಮನೆಯವರಿಗೆ ಹಿಂದಿರುಗಿಸಿ.