ಹೆಸರು ಹತ್ತು, ಬಾಳೆ ಎಷ್ಟು?

ಒಂದು ಪ್ರದೇಶದ ಬಾಳೆ ವೈವಿಧ್ಯ ದಾಖಲಿಸಲು ಹೊರಟವರು ಮೊದಲು ಹೆಸರುಗಳನ್ನು ಅನುಮಾನಿಸಬೇಕು. ಒಂದೇ ತಳಿಗೆ ನಾಲ್ಕು ಹೆಸರುಗಳಿರುತ್ತವೆ, ಒಂದೇ ಹೆಸರಿನಡಿ ಎರಡು ತಳಿಗಳೂ ಅಡಗಿರುತ್ತವೆ. ಹೇಳಿದ ಹೆಸರನ್ನು ಬರೆದುಕೊಳ್ಳಿ, ನಂಬಬೇಡಿ.

ಬಾಳೆ ಹಬ್ಬುವುದು ಕಂದಿನಿಂದ. ಹಾಗಾಗಿ ಒಂದೇ ಬುಡದ ಐದು ಗಿಡಗಳಿಂದ ಎಲೆ ತಂದರೆ ಸಿಗುವುದು ಒಂದೇ ಮಾದರಿಯ ಐದು ಪ್ರತಿ. ಮೊದಲ ವರ್ಷ ನಾನು ಮಾಡಿದ್ದೇ ಇದು! ಬುಡಕ್ಕೊಂದು ಮಾದರಿ ಸಾಕು. ದೂರದ ತೋಟಗಳಿಗೆ ನಡೆಯಿರಿ. ಬಿಚ್ಚದ ಸುರುಳಿ ಎಲೆಯ ತುಂಡನ್ನು ತೇವ ಹೀರುವ ಸಿಲಿಕಾ ಜೆಲ್‌ನಲ್ಲಿ ಒಣಗಿಸಿ, ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಶಾಯಿ ಮಳೆಗೆ ಕರಗಿ ನನ್ನ ಒಂದು ದಿನದ ದುಡಿಮೆಯೇ ಅನಾಮಧೇಯವಾಗಿತ್ತು.

ಡಿಎನ್‌ಎ ಪರೀಕ್ಷೆಗೂ ಮುನ್ನ ಕಣ್ಣಿಗೆ ಕೆಲಸ ಕೊಡಿ. ಬಾಳೆ ವಿಜ್ಞಾನಿಗಳಾದ ಸಿಮ್ಮಂಡ್ಸ್ ಮತ್ತು ಶೆಫರ್ಡ್ 1955ರಲ್ಲಿ ಕೊಟ್ಟ 15 ಲಕ್ಷಣಗಳ ಅಂಕಪಟ್ಟಿ ಇಂದಿಗೂ ನನ್ನ ಚೀಲದಲ್ಲಿದೆ. ಕಾಂಡದ ಮೇಲೆ ದಟ್ಟ ಕಪ್ಪು ಕಲೆಗಳು, ಎಲೆತೊಟ್ಟಿನ ತೆರೆದ ಕಾಲುವೆ: ಇವು ತಿನ್ನುವ ಬಾಳೆಯ ಎರಡು ಮೂಲ ಕಾಡುಜಾತಿಗಳಲ್ಲಿ ಒಂದಾದ ಅಕ್ಯುಮಿನೇಟಾ ಗುರುತು. ಕಲೆ ವಿರಳವಾಗಿ, ಕಾಲುವೆಯ ಅಂಚು ಒಳಮಡಚಿದ್ದರೆ ಇನ್ನೊಂದು ಮೂಲವಾದ ಬಾಲ್ಬಿಸಿಯಾನಾ. ಕಾಯಿ ಅಡ್ಡ ಕೊಯ್ದು ಅಂಡಕಗಳ (ಬೀಜವಾಗಬಲ್ಲ ಮೊಗ್ಗುಗಳ) ಸಾಲನ್ನೂ ಎಣಿಸಿ: ಕೋಣೆಗೆ ಎರಡೋ, ನಾಲ್ಕೋ?

ಕ್ರೋಮೋಸೋಮ್ ಮಟ್ಟವನ್ನು, ಅಂದರೆ ಕೋಶದಲ್ಲಿ ಅವುಗಳ ಎಷ್ಟು ಜೊತೆಗಟ್ಟುಗಳಿವೆ ಎಂಬುದನ್ನು, ಪ್ರಯೋಗಾಲಯದಲ್ಲಿ ಕೋಶದ ಡಿಎನ್‌ಎ ಪ್ರಮಾಣ ಅಳೆಯುವ ಫ್ಲೋ ಸೈಟೊಮೆಟ್ರಿಯಿಂದ ಖಚಿತಪಡಿಸಿಕೊಳ್ಳಿ. ಮೂರು ಕಟ್ಟುಗಳಿರುವ ತ್ರಿಗುಣಿತ ತಳಿಗಳು ಬಹುಪಾಲು ಬಂಜೆ. ಸಂಕರಣಕ್ಕೆ ಪರಾಗ ಕೊಡುವ, ಎರಡು ಕಟ್ಟುಗಳಿರುವ ದ್ವಿಗುಣಿತಗಳು, ಬೀಜ ತುಂಬಿದ ಕಾಡುಬಾಳೆಗಳು ಕಂಡರೆ ಅವುಗಳಿಗೇ ಮೊದಲ ಮಣೆ. ತಿನ್ನಲಾಗದು ಎಂದು ಅವನ್ನೇ ಜನ ಮೊದಲು ಕಡಿಯುವುದು.

ಉಳಿಸಲು ಕಂದು ತರುವಾಗ ಗೆಡ್ಡೆ ಕೆರೆದು ನೋಡಿ. ಒಳಗೆ ಕಂದುಗೆಂಪು ಚುಕ್ಕೆಗಳಿದ್ದರೆ ಸೊರಗು ರೋಗದ ಶಂಕೆ. ಅಲ್ಲೇ ಬಿಟ್ಟುಬನ್ನಿ, ಕತ್ತಿ ತೊಳೆಯಿರಿ.